ವಂಶದ ನರರೋಗ: ದೂಷಣೆ ಬೇಡ, ಆಸರೆ ಬೇಕು

ಪಾದದ ಕಮಾನು ಎತ್ತರವಾಗಿ, ನಡೆಯುವಾಗ ಮುಂಗಾಲು ಎಡವಿ, ಸ್ಪರ್ಶಜ್ಞಾನ ಕುಂದಿದರೆ ನಮ್ಮಲ್ಲಿ ಕೆಲವರು ದೃಷ್ಟಿಯಾಯಿತೆಂದು ತಾಯಿತ ಹುಡುಕುತ್ತಾರೆ. ಅದು 1886ರಲ್ಲೇ ವೈದ್ಯರು ವಿವರಿಸಿದ ಷಾರ್ಕೋ-ಮರೀ-ಟೂತ್ ಎಂಬ ಆನುವಂಶಿಕ ನರರೋಗವಾಗಿರಬಹುದು. ಇದು ಅಂಟುವುದಿಲ್ಲ. ಇದರ ಸಾಮಾನ್ಯ ಬಗೆಯಲ್ಲಿ ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಯಾರೂ ಬಯಸಿ ಕೊಡುವುದಲ್ಲ. ಸೊಸೆಯನ್ನು ದೂಷಿಸುವುದು ಅನ್ಯಾಯ. ನಿಕಾಹ್ ಮಾತುಕತೆಯಲ್ಲಿ ಮುಚ್ಚಿಡುವುದೂ ಸರಿಯಲ್ಲ.

ಪೂರ್ಣ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಫಿಸಿಯೋಥೆರಪಿ, ಕಣಕಾಲಿಗೆ ಆಧಾರಪಟ್ಟಿ ನಡಿಗೆಗೆ ನೆರವಾಗುತ್ತವೆ. ವುಝೂವಿನ ಬಿಸಿನೀರನ್ನು ಮೊದಲು ಮೊಣಕೈಯಿಂದ ಪರೀಕ್ಷಿಸಿರಿ. ಪಾದ ತೊಳೆಯುವಾಗ ಬೆರಳ ಸಂದಿಯಲ್ಲಿ ಗಾಯವಿದೆಯೇ ನೋಡಿರಿ. ನಿಲ್ಲಲಾಗದಿದ್ದರೆ ಕುಳಿತು ನಮಾಝ್ ಮಾಡಲು ಪ್ರವಾದಿ(ಸ)ರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಅನುಮತಿಸಿದ್ದರು. ಮಸೀದಿಯ ಸಫ್‌ನಲ್ಲಿ ಕುರ್ಚಿಗೆ ಜಾಗ ಬಿಡೋಣ. ಕುಳಿತವರ ಈಮಾನನ್ನು ಅಳೆಯದಿರೋಣ.