ಊರಿನ ಆರೋಗ್ಯಕ್ಕೆ ಪೊಲೀಸ್ ಪಾಟೀಲನ ವರದಿ

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಉಮರ್ಗಾ ತಾಲೂಕಿನ ದಾಳಿಂಬದಂಥ ಗಡಿಯ ಊರುಗಳಲ್ಲಿ ಆಡಳಿತವು ಕೊರೋನಾವನ್ನು ಎದುರಿಸಿದ ಬಗೆಯನ್ನು ಅರಿಯಬೇಕೆನ್ನುವವರು, ಮುಂಬಯಿಯ ಸುತ್ತೋಲೆಗಳ ರಾಶಿಗೆ ಕೈಹಾಕುವ ಮೊದಲು 1967ರ ಮಹಾರಾಷ್ಟ್ರ ಗ್ರಾಮ ಪೊಲೀಸ್ ಕಾಯಿದೆಯ 6ನೆಯ ಕಲಮನ್ನು ಓದುವುದು ಒಳಿತು. ಪೊಲೀಸ್ ಪಾಟೀಲನ ಕರ್ತವ್ಯಗಳನ್ನು ಪಟ್ಟಿಮಾಡುವ ಆ ಕಲಮು, ಅಪರಾಧಗಳ ಸುದ್ದಿಯ ಜೊತೆಯಲ್ಲೇ ಊರಿನ ಜನರ ಆರೋಗ್ಯ ಮತ್ತು ಒಟ್ಟಾರೆ ಸ್ಥಿತಿಗತಿಗಳನ್ನೂ ಮೇಲಿನ ದಂಡಾಧಿಕಾರಿಗೆ ಸದಾ ತಿಳಿಸುತ್ತಿರಬೇಕೆಂದು ವಿಧಿಸುತ್ತದೆ. ಕಳ್ಳತನವನ್ನೂ ಕಾಯಿಲೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಮಾತು 1867ರ ಮುಂಬಯಿ ಕಾಯಿದೆಯಿಂದ ಹೆಚ್ಚುಕಡಿಮೆ ಹಾಗೆಯೇ ಇಳಿದುಬಂದದ್ದು. ನೂರು ವರ್ಷಗಳ ಬಳಿಕ ಹೊಸ ಕಾಯಿದೆ ಬರೆದವರು ಅದನ್ನು ಕೈಬಿಡದೆ ಉಳಿಸಿಕೊಂಡದ್ದು ಮರೆವಿನಿಂದಲೋ ವಿವೇಕದಿಂದಲೋ ಹೇಳಲಾಗದಿದ್ದರೂ, 2020ರಲ್ಲಿ ಅದು ಉಪಯೋಗಕ್ಕೆ ಬಂದಿತು.

ಪೊಲೀಸ್ ಪಾಟೀಲನೆಂದರೆ ಸಮವಸ್ತ್ರದ ಪೊಲೀಸನಲ್ಲ. ಆತ ಊರಿನಲ್ಲೇ ನೆಲೆಸಿರುವ, ಗೌರವಧನದ ಮೇಲೆ ದುಡಿಯುವ, ಪುಣೆಯಿಂದ ಯಾರ ಮಗ ಯಾವ ರಾತ್ರಿ ಮರಳಿ ಬಂದನೆಂಬುದು ಬೆಳಗಾಗುವಷ್ಟರಲ್ಲಿ ತಿಳಿದಿರುವ ಮನುಷ್ಯ. ನಿಜಾಮನ ಸೀಮೆಯಾಗಿದ್ದ ಉಮರ್ಗಾಕ್ಕೆ ಮುಂಬಯಿಯ ಹಳೆಯ ಕಾಯಿದೆ ಅನ್ವಯಿಸಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯೊಂದಿಗೆ ಉಮರ್ಗಾವೂ, ಬೀದರ ಜಿಲ್ಲೆಯಿಂದ ಬೇರ್ಪಟ್ಟ ನಿಲಂಗಾ, ಉದಗೀರ ಮತ್ತು ಅಹಮದಪುರಗಳೂ ಮುಂಬಯಿ ರಾಜ್ಯಕ್ಕೆ ಸೇರಿದ್ದರಿಂದಲೇ ಈ ವ್ಯವಸ್ಥೆ ಇಲ್ಲಿಗೆ ಬಂದಿತು. ಮೈಸೂರು ರಾಜ್ಯಕ್ಕೆ ಸೇರಿದ ಬಸವಕಲ್ಯಾಣದ ಕಡೆಯಲ್ಲಾದರೋ ವಂಶಪಾರಂಪರ್ಯದ ಪಟೇಲಿಕೆ ರದ್ದಾಗಿ, ಕೊರೋನಾ ಕಾಲದ ಹೊಣೆ ಪಂಚಾಯಿತಿ ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಗಳ ಕಾರ್ಯಪಡೆಯ ಮೇಲೆ ಬಿದ್ದಿತು. ಬೀಗರೂ ಸಂತೆಯೂ ಭಾಷೆಯೂ ಒಂದೇ ಆಗಿರುವ ನೆರೆಯೂರುಗಳಲ್ಲಿ ರೋಗದ ಸುದ್ದಿ ಹೀಗೆ ಎರಡು ಬೇರೆ ದಾರಿಗಳಲ್ಲಿ ಮೇಲಕ್ಕೆ ಹೋಗುತ್ತಿತ್ತು.

ಊರಿನಿಂದ ಮೇಲಿನ ಆಡಳಿತದ ಚೌಕಟ್ಟು ಎಲ್ಲರಿಗೂ ಗೊತ್ತಿರುವಂಥದೇ. ಮುಂಬಯಿ ಪ್ಲೇಗಿನ ಬೆನ್ನಲ್ಲೇ ಹುಟ್ಟಿದ, ನಾಲ್ಕೇ ಕಲಮುಗಳ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಡಿಯಲ್ಲಿ ಮಹಾರಾಷ್ಟ್ರ 2020ರ ಮಾರ್ಚಿನಲ್ಲಿ ನಿಯಮಗಳನ್ನು ಹೊರಡಿಸಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಜಿಲ್ಲಾಧಿಕಾರಿಯನ್ನು ಅಧ್ಯಕ್ಷನನ್ನಾಗಿಯೂ ಜಿಲ್ಲಾ ಪರಿಷತ್ತಿನ ಅಧ್ಯಕ್ಷರನ್ನು ಸಹ ಅಧ್ಯಕ್ಷರನ್ನಾಗಿಯೂ ಮಾಡಿ ಜಿಲ್ಲಾ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿತ್ತು. ಆದೇಶಗಳು ತಹಶೀಲ್ದಾರರ ಮೂಲಕ ಇಳಿದು, ಸರಪಂಚ, ಗ್ರಾಮಸೇವಕ (ಪಂಚಾಯಿತಿಯ ಕಾರ್ಯದರ್ಶಿ), ತಲಾಠಿ (ಗ್ರಾಮ ಲೆಕ್ಕಿಗ), ಪೊಲೀಸ್ ಪಾಟೀಲ ಮತ್ತು ಆಶಾ ಕಾರ್ಯಕರ್ತೆಯವರೆಗೆ ಬಂದು ನಿಲ್ಲುತ್ತಿದ್ದವು. ಹೊರಗಿನಿಂದ ಬಂದವರನ್ನು 14 ದಿನ ಶಾಲೆಯಲ್ಲಿ ಇರಿಸುವುದು, ಅವರಿಗೆ ಅಕ್ಕಿ ಬೇಳೆ ಹೊಂದಿಸುವುದು, ಬಾಗಿಲಿಗೆ ಚೀಟಿ ಅಂಟಿಸಿ ನೆರೆಯವರ ಮುನಿಸನ್ನು ಸಹಿಸುವುದು ಇವೆಲ್ಲ ಆ ಕೊನೆಯ ಮೆಟ್ಟಿಲಿನವರ ಪಾಲಾಗಿದ್ದವು.

ರೋಗ ಮಾತ್ರ ಗಡಿಯ ಎರಡೂ ಕಡೆ ಒಟ್ಟಿಗೇ ಕಾಲಿಟ್ಟಿತು. ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರದಾಯಿತು. ಏಪ್ರಿಲ್ ಮೊದಲ ವಾರದಲ್ಲಿ ಉಮರ್ಗಾ ತಾಲೂಕಿನಲ್ಲಿ ಸೋಂಕು ಕಾಣಿಸಿಕೊಂಡಿತು, ಹರಿಯಾಣದಿಂದ ಆಂಧ್ರದತ್ತ ಹೊರಟು ನಿಲಂಗಾದಲ್ಲಿ ತಂಗಿದ್ದವರಲ್ಲಿ ಎಂಟು ಮಂದಿಗೆ ಅದು ದೃಢಪಟ್ಟಿತು, ಮತ್ತು ಅದೇ ತಿಂಗಳ ಕೊನೆಗೆ ಉದಗೀರದಲ್ಲಿ ಸಾವೂ ಸಂಭವಿಸಿತು. ಮೇ 18ರಂದು ಕರ್ನಾಟಕವು ಮಹಾರಾಷ್ಟ್ರ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿರಾಕರಿಸಿತು. 2021ರ ಫೆಬ್ರವರಿಯಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ಕಡ್ಡಾಯಮಾಡಿತು. ಹೊಲ ಒಂದು ರಾಜ್ಯದಲ್ಲಿ, ದವಾಖಾನೆ ಇನ್ನೊಂದು ರಾಜ್ಯದಲ್ಲಿ ಇರುವವರ ಬದುಕನ್ನು ಈ ಆದೇಶಗಳನ್ನು ಬರೆದವರು ನೆನೆದಿದ್ದರೆಂದು ನಂಬುವುದು ಕಷ್ಟ.

2020ರ ಸೆಪ್ಟೆಂಬರ್ 15ರಂದು ಮಹಾರಾಷ್ಟ್ರ ಆರಂಭಿಸಿದ ‘ಮಾಝೆ ಕುಟುಂಬ, ಮಾಝಿ ಜಬಾಬ್ದಾರಿ’ (ನನ್ನ ಕುಟುಂಬ, ನನ್ನ ಹೊಣೆ) ಅಭಿಯಾನ ಮನೆಯ ಹೊಸ್ತಿಲಿಗೇ ಬಂದಿತು. ಒಬ್ಬ ಆರೋಗ್ಯ ಸಿಬ್ಬಂದಿ ಮತ್ತು ಇಬ್ಬರು ಸ್ವಯಂಸೇವಕರ ತಂಡವು ದಿನಕ್ಕೆ 50 ಮನೆಗಳಂತೆ ಸುತ್ತಿ, ಹಣೆಗೆ ತಾಪಮಾಪಕ ಹಿಡಿದು, ಬೆರಳಿಗೆ ಆಕ್ಸಿಮೀಟರ್ (ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ತೋರಿಸುವ ಚಿಮುಟಿಗೆ) ಸಿಕ್ಕಿಸಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರನ್ನು ವಿಚಾರಿಸಿ ದಾಖಲಿಸಿಕೊಳ್ಳುತ್ತಿತ್ತು. ಮೆಹಂದಿ ಹಚ್ಚಿದ ಬೆರಳಿಗೆ ಆ ಯಂತ್ರ ತಪ್ಪು ಅಂಕಿ ತೋರಿಸಬಹುದಾದ್ದರಿಂದ, ಮತ್ತೊಂದು ಬೆರಳಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವ ತಾಳ್ಮೆಯೂ ಆ ತಂಡಕ್ಕೆ ಬೇಕಾಗಿತ್ತು.

ಇಂಥ ವ್ಯವಸ್ಥೆ ನಿಂತಿರುವುದು ಕೆಟ್ಟ ಸುದ್ದಿ ತಡೆಯಿಲ್ಲದೆ ಮೇಲಕ್ಕೆ ಹೋಗುವುದರ ಮೇಲೆ. ಪಾಟೀಲನ ಕಲಮಿನ ಉದ್ದೇಶವೂ ಅದೇ. ಹೀಗಿರುವಾಗ 2021ರ ಜೂನಿನಲ್ಲಿ ಸರಕಾರ ಘೋಷಿಸಿದ ‘ಕೊರೋನಾಮುಕ್ತ ಗ್ರಾಮ’ ಸ್ಪರ್ಧೆ, ಪ್ರತಿ ಕಂದಾಯ ವಿಭಾಗದಲ್ಲಿ 50, 25 ಮತ್ತು 15 ಲಕ್ಷ ರೂಪಾಯಿಗಳ ಬಹುಮಾನವಿಟ್ಟದ್ದು ವಿಚಿತ್ರವೇ ಸರಿ. ಊರಿನವರನ್ನು ಒಗ್ಗೂಡಿಸುವ ಆಶಯ ಅದರಲ್ಲಿತ್ತೆಂಬುದು ನಿಜವಾದರೂ, ಜ್ವರ ಬಂದವನನ್ನು ತಪಾಸಣೆಗೆ ಕಳಿಸಿದರೆ ಬಹುಮಾನ ತಪ್ಪೀತೆಂಬ ಲೆಕ್ಕಾಚಾರಕ್ಕೂ ಅದು ಎಡೆಕೊಟ್ಟಿತು. ಸ್ಪರ್ಧೆ ಘೋಷಣೆಯಾದ ತಿಂಗಳಲ್ಲೇ, ಮನೆ ಮನೆ ಸುತ್ತಿ ರೋಗದ ಲೆಕ್ಕವನ್ನೆಲ್ಲ ಬರೆದಿಟ್ಟಿದ್ದ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಒಂದು ವಾರಕ್ಕೂ ಮೀರಿ ನಡೆದ ಆ ಮುಷ್ಕರದ ಕೊನೆಗೆ ಅವರಿಗೆ ದೊರೆತದ್ದು ತಿಂಗಳಿಗೆ 1,000 ರೂಪಾಯಿಯ ಹೆಚ್ಚಳ ಮತ್ತು 500 ರೂಪಾಯಿಯ ಕೋವಿಡ್ ಭತ್ಯೆ.