ಹೆಗಲಿಗೇರಿದ ಕ್ಯಾಮೆರಾ ಕಂಡ ಚುನಾವಣೆ

ಚುನಾವಣಾ ಪ್ರಚಾರದ ಭಾಷಣವನ್ನು ಮರುದಿನದ ಪತ್ರಿಕೆಯೂ ಉಳಿಸಿಕೊಡಬಲ್ಲದು. ಆದರೆ ವೇದಿಕೆಗೆ ಹೋಗುವ ಮುನ್ನ ಅಭ್ಯರ್ಥಿ ಕಾದು ಕುಳಿತ ಬಗೆ, ಕೇಳಲು ಬಂದವರ ಉಡುಪು, ಮಾತು ರುಚಿಸದಾಗ ಅವರು ಅತ್ತಿತ್ತ ನೋಡಿದ ರೀತಿ ಇವೆಲ್ಲ ಚಲನಚಿತ್ರದ ಸುರುಳಿಯಲ್ಲಿ ಮಾತ್ರ ಉಳಿಯುತ್ತವೆ. ಹಳೆಯ ಪ್ರಚಾರದ ದೃಶ್ಯಗಳನ್ನು ಚಿತ್ರಾಗಾರಗಳು, ಎಂದರೆ ಚಲನಚಿತ್ರಗಳನ್ನು ಸಂಗ್ರಹಿಸಿ ಕಾಪಾಡುವ ಸಂಸ್ಥೆಗಳು, ಜತನದಿಂದ ಇರಿಸಿಕೊಳ್ಳುವುದಕ್ಕೆ ಇದೇ ಮುಖ್ಯ ಕಾರಣ.

ಅಮೆರಿಕದಲ್ಲಿ ಈ ಬಗೆಯ ಚಿತ್ರೀಕರಣ ಸಿನಿಮಾ ಹುಟ್ಟಿದ ಹೊಸತರಲ್ಲೇ ಆರಂಭವಾಯಿತು. 1896ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಲಿಯಂ ಜೆನಿಂಗ್ಸ್ ಬ್ರಯಾನ್ ರೈಲಿನಲ್ಲಿ ದೇಶ ಸುತ್ತುತ್ತಿದ್ದಾಗ, ಎದುರಾಳಿ ವಿಲಿಯಂ ಮೆಕಿನ್ಲಿ ಒಹಾಯೊದ ಕ್ಯಾಂಟನ್‌ನಲ್ಲಿದ್ದ ತಮ್ಮ ಮನೆಯ ಜಗಲಿಯಿಂದಲೇ ಬಂದವರನ್ನು ಉದ್ದೇಶಿಸಿ ಮಾತನಾಡುತ್ತಿದ್ದರು. ಬಯೋಗ್ರಾಫ್ ಕಂಪನಿ ಅವರನ್ನು ಅಂಗಳದಲ್ಲಿ ನಡೆಸಿ ಚಿತ್ರೀಕರಿಸಿ, ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಪ್ರದರ್ಶಿಸಿತು. ಒಂದು ನಿಮಿಷವೂ ಇಲ್ಲದ, ಮೂಕವಾದ ಆ ತುಣುಕಿನಲ್ಲಿ ರಾಜಕೀಯವೆಂಬುದು ಹೆಚ್ಚೇನೂ ಇಲ್ಲ. ಮನೆ ಬಿಟ್ಟು ಕದಲದ ಅಭ್ಯರ್ಥಿ ಮಾತ್ರ ಊರೂರಿಗೆ ತಲುಪಿದರು.

ನಿಜವಾದ ತಿರುವು ಬಂದದ್ದು 1960ರಲ್ಲಿ, 'ಪ್ರೈಮರಿ' ಎಂಬ ಸಾಕ್ಷ್ಯಚಿತ್ರದಿಂದ. ಪ್ರೈಮರಿ ಎಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕೆಂಬುದರ ಬಗ್ಗೆ ರಾಜ್ಯ ರಾಜ್ಯಗಳಲ್ಲಿ ಮತದಾರರ ಒಲವನ್ನು ಅಳೆಯುವ ಒಳಚುನಾವಣೆ. ಅದೇ ವರ್ಷದ ಏಪ್ರಿಲ್ 5ರಂದು ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ಜಾನ್ ಎಫ್. ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ಎದುರಾಗಿದ್ದರು. ಪತ್ರಕರ್ತ ರಾಬರ್ಟ್ ಡ್ರೂ ಅವರು ರಿಚರ್ಡ್ ಲೀಕಾಕ್, ಆಲ್ಬರ್ಟ್ ಮೇಸಲ್ಸ್, ಡಿ.ಎ. ಪೆನ್ನಿಬೇಕರ್ ಮೊದಲಾದವರನ್ನು ಕಟ್ಟಿಕೊಂಡು, ಮುಕ್ಕಾಲಿಯ ಮೇಲೆ ನಿಲ್ಲಬೇಕಿದ್ದ ಭಾರದ ಯಂತ್ರದ ಬದಲು ಹೆಗಲ ಮೇಲೆ ಹೊರಬಹುದಾದ 16 ಎಂ.ಎಂ. ಕ್ಯಾಮೆರಾ ಹಾಗೂ ಹಗುರವಾದ ಧ್ವನಿಮುದ್ರಣ ಯಂತ್ರಗಳೊಡನೆ ಇಬ್ಬರ ಬೆನ್ನಿಗೂ ಬಿದ್ದರು. ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಡಿದು ಮೇಸಲ್ಸ್ ಕೆನಡಿಯ ಹಿಂದೆಯೇ ಜನರ ನಡುವೆ ನುಗ್ಗಿಹೋಗುವ ದೃಶ್ಯವನ್ನು ಸಿನಿಮಾ ಓದುವವರೆಲ್ಲ ಇಂದಿಗೂ ನೋಡುತ್ತಾರೆ. ಅದಕ್ಕಿಂತ ಸೂಕ್ಷ್ಮವಾದದ್ದು ಕೆನಡಿಯ ಪತ್ನಿ ಜಾಕ್ವೆಲಿನ್ ಅವರ ಕೈಗಳು: ಸಭೆಯೆದುರು ನಗುಮುಖದಿಂದ ನಿಂತ ಆಕೆಯ ಬಿಳಿಯ ಕೈಗವಸಿನ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹೊಸಕುತ್ತಿರುವುದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ಇನ್ನೊಂದೆಡೆ ಹಂಫ್ರಿ, ಒಂದು ಊರಿನಿಂದ ಮತ್ತೊಂದು ಊರಿಗೆ ಸಾಗುವ ಕಾರಿನಲ್ಲಿ ತೂಕಡಿಸುತ್ತಾರೆ. ಗೆದ್ದವರು ಕೆನಡಿಯೇ ಆದರೂ, ನೋಡುವವರ ಮನಸ್ಸು ಹಂಫ್ರಿಯ ಕಡೆಗೆ ವಾಲಿದರೆ ಅಚ್ಚರಿಯಿಲ್ಲ. 1990ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು.

ಭಾರತದಲ್ಲಿ ಚುನಾವಣೆಯ ಚಲನಚಿತ್ರ ಬೇರೊಂದು ಕೆಲಸಕ್ಕೆ ಹುಟ್ಟಿತು. 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ನಡೆದ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು, ಅವರಲ್ಲಿ ಬಹುಪಾಲು ಜನರಿಗೆ ಓದು ಬರುತ್ತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆಯನ್ನಿಟ್ಟು ಅದರ ಮೇಲೆ ಚಿಹ್ನೆ ಅಂಟಿಸಲಾಗುತ್ತಿತ್ತು; ಮತದಾರ ಚೀಟಿಗೆ ಗುರುತು ಹಾಕುವ ಗೋಜಿಲ್ಲದೆ ಅದನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಮತದಾನದ ಹಕ್ಕು, ಕರ್ತವ್ಯಗಳನ್ನು ತಿಳಿಸುವ ಸಾಕ್ಷ್ಯಚಿತ್ರವೊಂದು ಆಗ 3,000ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಪ್ರದರ್ಶನಗೊಂಡಿತು. 1948ರಲ್ಲಿ ಸ್ಥಾಪನೆಯಾದ ಫಿಲಂಸ್ ಡಿವಿಷನ್ ತಯಾರಿಸುತ್ತಿದ್ದ ವಾರದ ನ್ಯೂಸ್‌ರೀಲುಗಳನ್ನು, ಅಂದರೆ ವಾರ್ತಾಚಿತ್ರಗಳನ್ನು, ಮುಖ್ಯ ಸಿನಿಮಾಕ್ಕೆ ಮುನ್ನ ತೋರಿಸುವುದು ಪರವಾನಗಿಯ ಷರತ್ತೇ ಆಗಿದ್ದುದರಿಂದ, ನಾಯಕ ನಾಯಕಿಯರಿಗಾಗಿ ಟಿಕೆಟ್ ಕೊಂಡವರು ಮೊದಲು ಅಣೆಕಟ್ಟು, ನೆರೆ, ನೆಹರೂ ಇಷ್ಟನ್ನೂ ನೋಡಬೇಕಿತ್ತು. ಆ ಸುರುಳಿಗಳಲ್ಲಿ ನಾಯಕರು ಕೈ ಬೀಸುತ್ತಾರೆ, ತುಟಿ ಆಡಿಸುತ್ತಾರೆ. ಕೇಳುವುದು ಬಹುಮಟ್ಟಿಗೆ ವ್ಯಾಖ್ಯಾನಕಾರನ ಗಂಭೀರ ಧ್ವನಿ. ಸರ್ಕಾರವೇ ನಿರ್ಮಾಪಕನಾಗಿದ್ದ ಈ ಚಿತ್ರಗಳಲ್ಲಿ ಬೆನ್ನ ಹಿಂದಿನ ಬೆರಳುಗಳಿಗೆ ಜಾಗವಿರಲಿಲ್ಲ.

ಉಳಿದ ಸುರುಳಿಗಳನ್ನು ಕಾಪಾಡುವುದೂ ಸುಲಭವಲ್ಲ. ಹಳೆಯ ನೈಟ್ರೇಟ್ ಫಿಲ್ಮು ಬೇಗ ಬೆಂಕಿಗೆ ತುತ್ತಾಗುತ್ತದೆ. ಅದರ ಬದಲಿಗೆ ಬಂದ ಅಸಿಟೇಟ್ ಫಿಲ್ಮು ಶಾಖ ಮತ್ತು ತೇವಕ್ಕೆ ಸಿಕ್ಕಿ ಕೆಡತೊಡಗಿದಾಗ ಡಬ್ಬಿ ತೆರೆದ ಕೂಡಲೇ ವಿನೆಗರಿನ ಹುಳಿನಾತ ಮೂಗಿಗೆ ಬಡಿಯುತ್ತದೆ, ಸುರುಳಿ ಕುಗ್ಗಿ ಸೊಟ್ಟಗಾಗುತ್ತದೆ. ತಂಪಾದ, ಒಣಗಿದ ಕೋಣೆಗಳಲ್ಲಿಟ್ಟು ಈ ಕೇಡನ್ನು ನಿಧಾನಗೊಳಿಸಬಹುದು. ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಕೆಲಸವೂ ಅಂಥದ್ದೇ.

ಡಬ್ಬಿ ಉಳಿದರೂ ಅದರ ಮೇಲಿನ ಚೀಟಿಯಲ್ಲಿ ಯಾವ ಊರಿನ, ಯಾವ ರಾಜ್ಯದ ಹೆಸರಿದೆ ಎಂಬುದು ಹುಡುಕುವವರಿಗೆ ಮುಖ್ಯವಾಗುತ್ತದೆ. ಉದಾಹರಣೆಗೆ, ಈಗ ಹನೂರು ತಾಲ್ಲೂಕಿಗೆ ಸೇರಿರುವ ರಾಮಾಪುರವೂ ಒಳಗೊಂಡಂತೆ ಕೊಳ್ಳೇಗಾಲ ಸೀಮೆ ಮೊದಲ ಚುನಾವಣೆಯ ಕಾಲಕ್ಕೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲಿತ್ತು. ಹೀಗಾಗಿ ಕನ್ನಡವನ್ನೇ ಆಡುತ್ತಿದ್ದ ಎರಡು ನೆರೆಯ ಊರುಗಳು ಒಂದೇ ಲೋಕಸಭೆಗೆ ಮತ ಹಾಕಿದರೂ ಬೇರೆ ಬೇರೆ ವಿಧಾನಸಭೆಗಳನ್ನು ಆರಿಸಿದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂದಿತಾದರೂ, ಅದಕ್ಕೂ ಹಿಂದಿನ ಅದರ ಚುನಾವಣೆಯ ಕಾಗದವನ್ನಾಗಲಿ ಸುರುಳಿಯನ್ನಾಗಲಿ ಅರಸಿ ಹೊರಟವರು ಮೊದಲು ತೆರೆದು ನೋಡಬೇಕಾದದ್ದು ಮದರಾಸಿನ ಪಟ್ಟಿಯನ್ನು.