ಗೋಟಿ ಬಾಟ್ಲಿಯೋ, ಸೋಡಾ ಮಷೀನೋ?

ಜತ್ತ: ಬೇಸಿಗೆ ಬಂತೆಂದರೆ ಜತ್ತ, ಅಕ್ಕಲಕೋಟ, ಸೊಲ್ಲಾಪುರ ಭಾಗದ ಸೋಡಾ ವ್ಯಾಪಾರಿಗಳಿಗೆ ಸುಗ್ಗಿ. ಬಿಸಿಲು 40 ಡಿಗ್ರಿ ದಾಟಿತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ‘ಕಾಕಾ, ಒಂದ್ ಲಿಂಬು ಸೋಡಾ ಒಡೀರಿ’ ಎಂಬ ಕೂಗು ಏಳುತ್ತದೆ. ಆದರೆ ಈಗ ಹಲವು ಅಂಗಡಿಗಳಲ್ಲಿ ಒಡೆಯಲು ಬಾಟ್ಲಿಯೇ ಇಲ್ಲ. ನಳ ತಿರುವಿದರೆ ಸೀದಾ ಗ್ಲಾಸಿಗೆ ಸೋಡಾ ಇಳಿಯುವ ಮಷೀನ್ ಬಂದಿದೆ. ಅಪ್ಪ, ಅಜ್ಜನ ಕಾಲದ ಗೋಟಿ ಬಾಟ್ಲಿಗಳನ್ನು ಗುಜರಿಗೆ ಹಾಕಿ ಮಷೀನ್ ತರಬೇಕೋ, ಇದ್ದುದನ್ನೇ ನಡೆಸಬೇಕೋ ಎಂಬುದು ಸಣ್ಣ ವ್ಯಾಪಾರಿಗೆ ಹೊಟ್ಟೆಪಾಡಿನ ಪ್ರಶ್ನೆ. ಸಾಲ ಮಾಡಿ ಮಷೀನ್ ತಂದ ಮೇಲೆ ಹಿಂದಕ್ಕೆ ಬರುವುದು ಸುಲಭವಲ್ಲ.

ಗೋಟಿ ಬಾಟ್ಲಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಹೈರಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಇದರ ಪೇಟೆಂಟ್ ಪಡೆದ. ಬೂಚೂ ಇಲ್ಲ, ಬಿರಡೆಯೂ ಇಲ್ಲ. ಕುತ್ತಿಗೆಯೊಳಗೆ ಒಂದು ಗಾಜಿನ ಗೋಟಿ, ಬಾಯಿಯೊಳಗೆ ಒಂದು ರಬ್ಬರ್ ವಾಷರ್, ಇಷ್ಟೇ. ನೀರು, ಗ್ಯಾಸ್ ತುಂಬಿ ಬಾಟ್ಲಿಯನ್ನು ತಲೆಕೆಳಗು ಮಾಡಿದಾಗ ಗೋಟಿ ಬಾಯಿಗೆ ಬಂದು ಕೂರುತ್ತದೆ. ಒಳಗಿನ ಗ್ಯಾಸೇ ಅದನ್ನು ವಾಷರ್‌ಗೆ ಒತ್ತಿ ಹಿಡಿಯುತ್ತದೆ. ಹುಟ್ಟಿದ ಊರಲ್ಲಿ ಮರೆಯಾದ ಈ ಬಾಟ್ಲಿ ನಮ್ಮ ಜಾತ್ರೆಗಳಲ್ಲಿ ಉಳಿದಿದೆ. ಜಪಾನಿನಲ್ಲೂ ಉಂಟು, ಅಲ್ಲಿ ‘ರಾಮುನೆ’ ಎನ್ನುತ್ತಾರೆ.

ಮಷೀನಿನ ಲೆಕ್ಕ ಬೇರೆ. ತಣ್ಣಗಾದ ನೀರನ್ನು ಪಂಪು ಒಂದು ಟಾಕಿಗೆ ದೂಡುತ್ತದೆ, ಸಿಲಿಂಡರಿನ ಗ್ಯಾಸ್ ಅಲ್ಲೇ ಬೆರೆಯುತ್ತದೆ. ಬಾಟ್ಲಿ ತೊಳೆಯುವುದು, ತುಂಬುವುದು, ಖಾಲಿ ಬಾಟ್ಲಿಗಾಗಿ ಗಿರಾಕಿಯ ಬೆನ್ನು ಹತ್ತುವುದು ಯಾವುದೂ ಇಲ್ಲ. ಟ್ಯಾಂಕರ್ ನೀರಿಗೆ ಕಾಯುವ ಬರಗಾಲದ ತಾಲೂಕಿನಲ್ಲಿ ಬಾಟ್ಲಿ ತೊಳೆಯುವ ನೀರು ಉಳಿಯುವುದೇ ದೊಡ್ಡ ಲಾಭ. ಬಾಟ್ಲಿ ಒಡೆದು ಕೈ, ಕಣ್ಣಿಗೆ ಪೆಟ್ಟಾಗುವ ಭಯವೂ ತಪ್ಪಿತು.

ಹಾಗಾದರೆ ಎಲ್ಲರೂ ಮಷೀನ್ ತರಬೇಕೆ? ಕರೆಂಟ್ ಹೋದಾಗ ನೋಡಬೇಕು. ಸೋಡಾದ ಖಾರವೆಲ್ಲ ನೀರಿನ ತಂಪಿನ ಮೇಲೆ ನಿಂತಿದೆ. ಸಾಮಾನ್ಯ ಒತ್ತಡದಲ್ಲಿ ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಗ್ಯಾಸ್ ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ಅದು 1.7 ಗ್ರಾಂಗೆ ಇಳಿಯುತ್ತದೆ, 40 ಡಿಗ್ರಿಗೆ ಬರೀ 1 ಗ್ರಾಂ. ಒತ್ತಡ ಏರಿಸಿದರೆ ಹೆಚ್ಚು ಹಿಡಿಯುತ್ತದೆ, ಖರೆ. ಆದರೆ ಬಿಸಿ ಪೈಪಿನಿಂದ ಹೊರಬಿದ್ದ ಸೋಡಾ ನೊರೆಯಾಗಿ ಹಾರಿ, ಗ್ಲಾಸಿನಲ್ಲಿ ಸಪ್ಪೆ ನೀರು ಉಳಿಯುತ್ತದೆ. ಬಾಟ್ಲಿಯ ಗ್ಯಾಸ್ ಮಾತ್ರ ಒಡೆಯುವವರೆಗೆ ಒಳಗೇ ಇರುತ್ತದೆ. ಬಿಸಿಲಿಗೆ ಒತ್ತಡ ಏರಿ ಬಾಟ್ಲಿ ಸಿಡಿಯಬಾರದೆಂದು ಕ್ರೇಟಿನ ಮೇಲೆ ಹಸಿ ಗೋಣಿ ತಟ್ಟು ಹೊದಿಸಿ, ನೆರಳಲ್ಲಿಟ್ಟರಾಯಿತು.

ವ್ಯಾಪಾರಿ ಮರೆಯುವ ಇನ್ನೊಂದು ಮಾತಿದೆ. ಬಾಟ್ಲಿಯ ವಾಷರ್ ಹೋದರೆ ಹಾಳಾಗುವುದು ಒಂದೇ ಬಾಟ್ಲಿ. ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ಸೋರಿದರೆ ಬೆಳಿಗ್ಗೆ ಇಡೀ ಸಿಲಿಂಡರ್ ಖಾಲಿ. ಅದಕ್ಕಿಂತ ಕೆಟ್ಟದ್ದೆಂದರೆ ಈ ಗ್ಯಾಸ್ ಗಾಳಿಗಿಂತ ಭಾರ, ವಾಸನೆಯೂ ಇಲ್ಲ. ಮುಚ್ಚಿದ ಸಣ್ಣ ಗಾಳಾದಲ್ಲಿ ತುಂಬಿಕೊಂಡರೆ ಒಳಗೆ ಮಲಗಿದವರ ಜೀವಕ್ಕೇ ಸಂಚಕಾರ. ಅಂಗಡಿಯಲ್ಲೇ ಮಲಗುವ ಹುಡುಗರಿದ್ದರೆ ಸಿಲಿಂಡರನ್ನು ನಿಲ್ಲಿಸಿ, ಸರಪಳಿ ಹಾಕಿ, ಗಾಳಿಯಾಡುವ ಜಾಗದಲ್ಲೇ ಇಡಬೇಕು. ರಾತ್ರಿ ಮೇಲಿನ ವಾಲ್ವ್ ಬಂದ್ ಮಾಡಲೇಬೇಕು. ಪೈಪನ್ನೂ ಆಗಾಗ ತೊಳೆಯದಿದ್ದರೆ ಸೋಡಾಕ್ಕೆ ಕಮಟು ವಾಸನೆ ಹತ್ತುತ್ತದೆ.

ಬಾಟ್ಲಿ ಇರಲಿ, ಮಷೀನ್ ಇರಲಿ, 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು. ನೀರು ಕುಡಿಯುವ ಯೋಗ್ಯತೆಯದ್ದೇ ಆಗಿರಬೇಕು. ಗ್ಯಾಸ್ ಬೆರೆತ ಮಾತ್ರಕ್ಕೆ ಕೆಟ್ಟ ನೀರು ಶುದ್ಧವಾಗದು.

ಕರೆಂಟ್ ನಂಬಿಗಸ್ತವಾಗಿರುವ, ದಿನವಿಡೀ ಗಿರಾಕಿ ಇರುವ ಪೇಟೆ ಅಂಗಡಿಗೆ ಮಷೀನೇ ಸರಿ. ಗುಡ್ಡಾಪುರ ದಾನಮ್ಮನ ಜಾತ್ರೆಗೋ, ಸೊಲ್ಲಾಪುರ ಸಿದ್ಧೇಶ್ವರನ ಗಡ್ಡಾ ಯಾತ್ರೆಗೋ ಗಾಡಿ ಹೊಡೆದುಕೊಂಡು ಹೋಗುವವರು ಮಾತ್ರ ಮಷೀನ್ ಬಂತೆಂದು ಕ್ರೇಟು ಮಾರುವ ಅವಸರ ಮಾಡಬಾರದು. ಹಳೆಯ ವಾಷರ್ ಕಿತ್ತು ಹೊಸದು ಹಾಕಿಸಿ, ಬಿರುಕು ಬಿಟ್ಟ ಬಾಟ್ಲಿಗಳನ್ನು ಆರಿಸಿ ತೆಗೆದರೆ ಉಳಿದವು ಈ ವರ್ಷದ ಜಾತ್ರೆಗೂ ನಡೆಯುತ್ತವೆ.